ನಲವತ್ತು ಅಡಿಯ ತಕರಾರು

ಫೆಬ್ರವರಿ 3, ಸೋಮವಾರ

ದಿನಕ್ಕೆ ಅರ್ಧ ಪುಟ ಬರೆಯಬೇಕಂತೆ. ಬಲಗೈ ಸೋತು ಮೂರು ತಿಂಗಳಾಯಿತು. ಬೆರಳುಗಳಿಗೆ ಕೆಲಸ ಕೊಡದಿದ್ದರೆ ಅವು ಪಿಂಚಣಿ ತೆಗೆದುಕೊಂಡು ಮಲಗಿಬಿಡುತ್ತವೆ ಎಂದು ಆಸ್ಪತ್ರೆಯಲ್ಲಿ ಕೈ ತಿರುವುವ ಹುಡುಗಿ ಹೇಳಿದಳು. "ಏನ್ ಬರೀಲಿ?" ಎಂದೆ. "ಮನಸ್ಸಿಗೆ ಬಂದಿದ್ದು ಬರೀರಿ ಅಜ್ಜಿ, ಯಾರೂ ಓದಲ್ಲ" ಎಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಒಂದು ವರ್ಷ ಊರಿಗೆ ಮೇಷ್ಟ್ರೇ ಬಂದಿರಲಿಲ್ಲ. ಮನಸ್ಸಿಗೆ ಬಂದದ್ದನ್ನು ಅಲ್ಲಲ್ಲೇ ಬಾಯಲ್ಲಿ ಹೇಳಿ ಮುಗಿಸಿದವಳು, ಕಾಗದಕ್ಕೆಂದು ಉಳಿಸಿಕೊಂಡವಳಲ್ಲ.

ಆದರೆ ಇವತ್ತು ಬರೆಯುವಂಥದ್ದು ನಡೆದಿದೆ. ಮನೆ ಎದುರಿನ ಖಾಲಿ ಸೈಟಿನ ಗೋಡೆಗೆ ಒಬ್ಬ ಬಂದು ನೋಟೀಸು ಅಂಟಿಸಿ ಹೋದ. ಕೋಲೂರಿಕೊಂಡು ಹೋಗಿ ಅಕ್ಷರ ಕೂಡಿಸಿ ಓದಿದೆ. ಈ ಜಾಗ ವಸತಿ ವಲಯಕ್ಕೆ ಸೇರಿದ್ದು, ಮನೆ ಬಿಟ್ಟು ಬೇರೇನೂ ಕಟ್ಟುವಂತಿಲ್ಲ. ಈಗ ಅದನ್ನು ಬದಲಾಯಿಸಿ ಅಗ್ನಿಶಾಮಕ ಠಾಣೆ ಕಟ್ಟಲು ಅನುಮತಿ ಕೇಳಿದ್ದಾರೆ. ಇಲ್ಲಿ ಮೂವತ್ತು ಅಡಿಗಿಂತ ಎತ್ತರ ಕಟ್ಟಬಾರದು. ಇವರಿಗೆ ನಲವತ್ತು ಅಡಿಯ ಗೋಪುರವೂ ಬೇಕಂತೆ. ತಕರಾರು ಇದ್ದವರು ಬರೆದು ಕೊಡಬೇಕು, ಮಾರ್ಚ್ ನಾಲ್ಕಕ್ಕೆ ವಿಚಾರಣೆ.

ಕೆಳಗೆ ಅರ್ಜಿದಾರರ ಜಾಗದಲ್ಲಿ ನನ್ನ ಸೊಸೆಯ ರುಜು.

ರೈಲ್ವೆ ಗೇಟಿನ ಆಚೆ ಇರುವ ಠಾಣೆಗೆ ಅವಳೇ ಅಧಿಕಾರಿ. ಬೀದಿಯವರೆಲ್ಲ ಅವಳನ್ನು ಬೆಂಕಿ ಮೇಡಂ ಎನ್ನುತ್ತಾರೆ. ಆ ಹೆಸರಿಟ್ಟವಳು ನಾನೇ. ಒಂದೇ ಮನೆಯಲ್ಲಿದ್ದು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾಳೆ, ಒಂದು ಮಾತು ಹೇಳಲಿಲ್ಲ. ಗೋಡೆ ನೋಡಿ ತಿಳಿಯಬೇಕು ನಾನು.

ಫೆಬ್ರವರಿ 5, ಬುಧವಾರ

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಮನೆ ಎದುರಿಗೇ ಬೇಕಿತ್ತಾ ನಿನ್ನ ಠಾಣೆ? ಬೇರೆ ಜಾಗ ಎಲ್ಲಾ ಸುಟ್ಟು ಹೋಗಿದ್ವಾ?"

"ಗೇಟಿನ ಈಚೆ ಸರ್ಕಾರದ ಜಾಗ ಅಂತ ಇರೋದು ಅದೊಂದೇ, ಅತ್ತೆ. ಗೇಟ್ ಹಾಕಿದ್ರೆ ನಮ್ಮ ಗಾಡಿ ಆಚೆನೇ ನಿಂತಿರುತ್ತೆ. ಈಚೆ ನಾಲ್ಕು ಸಾವಿರ ಮನೆ ಇದೆ."

"ನಲವತ್ತು ವರ್ಷದಿಂದ ಈ ಬೀದೀಲಿ ಒಂದು ಕಿಡಿ ಬಿದ್ದಿಲ್ಲ. ನೀನು ಎದುರಿಗೆ ಬಂದು ಕೂತ್ಮೇಲೆ ಬೀಳುತ್ತೇನೋ."

ಮಗ ಕೆಮ್ಮಿದ. ಬಸ್ ಡಿಪೋದಲ್ಲಿ ದಿನವಿಡೀ ಬೇರೆಯವರ ಜಗಳ ಬಿಡಿಸಿ ಬರುತ್ತಾನೆ, ಮನೆಯಲ್ಲಿ ಮಾತ್ರ ಅವನು ಬೀಸುವ ಕಲ್ಲಿನ ನಡುವೆ ಸಿಕ್ಕ ಕಾಳು. ಹಿಟ್ಟಾಗದೆ ಉಳಿಯುವುದೇ ಅವನ ವಿದ್ಯೆ.

"ಆ ಗೋಪುರ ಏತಕ್ಕೆ?" ಎಂದೆ.

"ಪೈಪ್ ಒಣಗಿಸೋಕೆ. ಒಂದೊಂದು ಎಪ್ಪತ್ತೈದು ಅಡಿ ಉದ್ದ ಇರುತ್ತೆ. ಮಧ್ಯಕ್ಕೆ ಕಟ್ಟಿ ರಾಟೆಯಿಂದ ಮೇಲೆ ಎಳೆದು ಇಳಿಬಿಡ್ಬೇಕು."

"ಪೈಪ್ ಒಣಗಿಸೋಕೋ, ನಿನ್ನ ಹುಡುಗ್ರು ಮೇಲೆ ಹತ್ತಿ ಹೆಂಗಸರು ಸ್ನಾನ ಮಾಡೋದನ್ನ ನೋಡೋಕೋ?"

ಅವಳು ಲೋಟ ಕೆಳಗಿಟ್ಟು ಎದ್ದುಹೋದಳು. ಗೆದ್ದೆ ಎನ್ನಿಸಿತು.

ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಾಳೆ, ಸಂಜೆ ಹೊಗೆಯ ವಾಸನೆ ಹೊತ್ತು ಬರುತ್ತಾಳೆ. ನಡುವೆ ಏನು ನಡೆಯಿತು ಎಂದು ಈ ಎಂಟು ವರ್ಷದಲ್ಲಿ ನಾನು ಕೇಳಿಲ್ಲ. ಗೇಟಿನ ಆಚೆಯದ್ದು ಗೇಟಿನ ಆಚೆಯೇ ಇರುವುದು ಚೆನ್ನ. ಎದುರಿಗೇ ಬಂದರೆ ದಿನಕ್ಕೆ ನಾಲ್ಕು ಸಲ ಸೈರನ್ನು ಕೇಳಬೇಕು, ನಾಲ್ಕು ಸಲ ನೋಡಬೇಕು. ಯಾರಿಗೆ ಬೇಕಾಗಿದೆ ಅದು.

ಫೆಬ್ರವರಿ 8, ಶನಿವಾರ

ಗೋಪುರ ಹತ್ತಿ ಸ್ನಾನ ನೋಡುವ ಆ ಮಾತನ್ನು ನಾನು ಗುರುವಾರ ಬೇಕರಿ ಮುಂದೆ ಇನ್ನೊಂದು ಸಲ ಆಡಿದ್ದೆ, ನಗಿಸಲೆಂದು. ಇವತ್ತು ಕಲಂ ಮೇಷ್ಟ್ರು ಅದನ್ನೇ ಹಿಡಿದುಕೊಂಡು ಮನೆಗೆ ಬಂದರು. ರಿಟೈರಾದ ಹೆಡ್ಮೇಷ್ಟ್ರು, ಕಾನೂನಿನ ಪುಸ್ತಕ ಓದುತ್ತಾರೆ, ಕಲಂ ಸಂಖ್ಯೆ ಹೇಳದೆ ನೀರು ಕೂಡ ಕೇಳುವುದಿಲ್ಲ.

"ಅಮ್ಮಾ, ಗೋಪುರದಿಂದ ಹೆಣ್ಣುಮಕ್ಕಳ ಮರ್ಯಾದೆಗೆ ಧಕ್ಕೆ ಅಂತ ನೀವು ಹೇಳಿದ್ರಂತೆ. ಶಬ್ದ, ದಟ್ಟಣೆ ಅಂದ್ರೆ ಆಫೀಸಿನವರು ಕಿವಿಗೆ ಹಾಕ್ಕೊಳ್ಳಲ್ಲ. ಇದು ಗಟ್ಟಿ ಪಾಯಿಂಟು."

"ನಾನು ತಮಾಷೆಗೆ ಅಂದಿದ್ದು, ಮೇಷ್ಟ್ರೇ."

"ಸತ್ಯ ತಮಾಷೇಲೇ ಹೊರಗೆ ಬರೋದು. ನಮ್ಮ ಟೈಲರಮ್ಮನ ಬಚ್ಚಲಿಗೆ ಮೇಲೆ ಮಾಡೇ ಇಲ್ಲ ನೋಡಿ."

ಟೈಲರಮ್ಮ ಎಂದರೆ ಮೇಷ್ಟ್ರಿಗೇ ಸೇರಿದ ಹಿಂಬದಿ ಮನೆಯಲ್ಲಿ ಬಾಡಿಗೆಗಿರುವ ಹೆಂಗಸು. ಒಂಟಿಯಾಗಿದ್ದು ಬಟ್ಟೆ ಹೊಲಿಯುತ್ತಾಳೆ. ಅವಳ ಹಿತ್ತಲು ಖಾಲಿ ಸೈಟಿಗೆ ತಾಗಿದೆ. ಮೂರು ಕಡೆ ಗೋಡೆ, ಮೇಲೆ ಆಕಾಶ, ಅದೇ ಅವಳ ಬಚ್ಚಲು.

ಮೇಷ್ಟ್ರು ಬರೆದರು. ಮೊದಲ ರುಜು ನನ್ನದಾಗಬೇಕು ಎಂದರು, ಅರ್ಜಿದಾರಳ ಅತ್ತೆಯೇ ವಿರುದ್ಧ ಅಂದರೆ ತೂಕ ಜಾಸ್ತಿಯಂತೆ. ಹಾಕಿದೆ. ಅಕ್ಷರ ಇರುವೆ ಸಾಲು ತಪ್ಪಿದ ಹಾಗೆ ಬಂತು.

ಫೆಬ್ರವರಿ 9, ಭಾನುವಾರ

ಮನೆಮನೆಗೆ ಹೋದೆ. ನಾನು ಬಾಗಿಲಲ್ಲಿ ನಿಂತರೆ ಇಲ್ಲ ಎನ್ನುವ ಗಂಡಸು ಈ ಬೀದಿಯಲ್ಲಿ ಹುಟ್ಟಿಲ್ಲ. ಬೇಕರಿಯವನು ಹಿಟ್ಟಿನ ಕೈಯಲ್ಲೇ ರುಜು ಹಾಕಿದ, ಏನೆಂದು ಕೇಳಲಿಲ್ಲ. "ಅಜ್ಜಿ ತಂದಿದ್ದು ಅಂದ್ರೆ ಸರೀನೇ ಇರುತ್ತೆ" ಎಂದ. ನಲವತ್ತಾಯಿತು.

ಟೈಲರಮ್ಮ ಮನೆಯಲ್ಲಿರಲಿಲ್ಲ, ಬಟ್ಟೆ ತಲುಪಿಸಲು ಹೋಗಿದ್ದಳು. ಅರ್ಜಿ ಅವಳ ಬಚ್ಚಲಿನ ಮೇಲೆಯೇ ನಿಂತಿದೆ, ಅವಳ ಹೆಸರೇ ಇಲ್ಲದಿದ್ದರೆ ಹೇಗೆ? ಜಗಲಿಯಲ್ಲಿ ಕೂತು ಅವಳ ಹೆಸರನ್ನು ನಾನೇ ಎಡಗೈಯಲ್ಲಿ ಬರೆದೆ. ಹೇಗೂ ಅವಳ ಒಳ್ಳೆಯದಕ್ಕೇ ಅಲ್ಲವೇ. ನಲವತ್ತೊಂದು.

ಫೆಬ್ರವರಿ 10, ಸೋಮವಾರ

ಮೇಷ್ಟ್ರು ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದರು.

ಸಂಜೆ ಬೆಂಕಿ ಮೇಡಂ ಷೂ ಬಿಚ್ಚುತ್ತಾ ಕೇಳಿದಳು. "ಮೊದಲನೇ ರುಜು ನಿಮ್ದಂತೆ."

"ಹೌದು."

"ಕೈ ಸುಧಾರಿಸ್ತಿದೆ ಅಂತಾಯ್ತು" ಎಂದು ಒಳಗೆ ಹೋದಳು. ಇವಳು ಕಿರುಚುವವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಫೆಬ್ರವರಿ 21, ಶುಕ್ರವಾರ

ಬೇಕರಿ ಸುಟ್ಟುಹೋಯಿತು. ನಾಳೆ ಬರೆಯುತ್ತೇನೆ.

ಫೆಬ್ರವರಿ 22, ಶನಿವಾರ

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದದ್ದು. ಒಲೆಯ ಪಕ್ಕದ ಎಣ್ಣೆ ಡಬ್ಬ ಹತ್ತಿಕೊಂಡು, ಅದರಿಂದ ಹಿಟ್ಟಿನ ಮೂಟೆಗಳಿಗೆ ಹಿಡಿಯಿತು. ಬೇಕರಿಯವನು ಎರಡು ಕೈ ಸುಟ್ಟುಕೊಂಡು ಹೊರಗೆ ಬಂದ. ಅವನ ಹೆಂಡತಿ ಅಂಗಡಿಯ ಮೇಲಿನ ಅಟ್ಟದ ಕೋಣೆಯಲ್ಲಿದ್ದಳು, ಏಣಿ ಅಂಗಡಿಯ ಒಳಗೇ ಇರುವುದು. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು, ಕೂಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಫೋನು ಮಾಡಿದರು. ಬಕೆಟ್ಟಿನ ಸಾಲು ಕಟ್ಟಿಸಿದೆ. ಹೊದಿಕೆಗಳನ್ನು ನೆನೆಸಿ ತರಿಸಿದೆ. ಬೇಕರಿಯವನು ನನ್ನ ಮುಖ ನೋಡುತ್ತಿದ್ದ, ನನ್ನ ಹತ್ತಿರ ಬೇರೇನೋ ಇದೆ ಎನ್ನುವಂತೆ. ದೂರದಲ್ಲಿ ಸೈರನ್ನು ಕೇಳಿಸಿತು. ಕೇಳಿಸಿ ಅಲ್ಲೇ ನಿಂತಿತು. ಅಷ್ಟೇ ದೊಡ್ಡದಾಗಿ, ಅಷ್ಟೇ ದೂರದಲ್ಲಿ. ಗೇಟು ಹಾಕಿತ್ತು. ಗೂಡ್ಸ್ ರೈಲಿನ ಡಬ್ಬಿಗಳು ಒಂದೊಂದಾಗಿ ಹೋಗುವ ಸದ್ದು ನನಗೆ ಕೇಳಿಸಿತು, ಅಥವಾ ಕೇಳಿಸಿತೆಂದು ಅನ್ನಿಸಿತು. ಇಪ್ಪತ್ತಾರು ನಿಮಿಷ. ಮೇಷ್ಟ್ರ ಗಡಿಯಾರದಲ್ಲಿ.

ಗಾಡಿ ನಿಲ್ಲುವ ಮೊದಲೇ ಸೊಸೆ ಇಳಿದಳು. ನನ್ನನ್ನು ನೋಡಿದಳು, ನೋಡದವಳಂತೆ ಹೋದಳು. ಇಬ್ಬರು ಹುಡುಗರ ಜೊತೆ ಪೈಪು ಹಿಡಿದು ಹೊಗೆಯೊಳಗೆ ಹೊಕ್ಕಳು. ಹೊರಗೆ ಬೀದಿಯ ಮೇಲೆ ಪೈಪು ಉಬ್ಬಿ ಹಾವಿನಂತೆ ಹೊರಳಿತು. ಆಮೇಲೆ ಹೊಸಿಲ ಹತ್ತಿರ ಪಟ್ ಎಂದು ಸೀಳಿ ನೀರೆಲ್ಲ ಬೀದಿಗೆ ಹಾರಿತು. ಒಳಗೆ ಅವಳು. ಕೈಯಲ್ಲಿ ಬರಿಯ ಪೈಪು.

ಬೇರೆ ಪೈಪು ಜೋಡಿಸಲು ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ, ನಾನು ಯಾರ ಗಡಿಯಾರವನ್ನೂ ನೋಡಲಿಲ್ಲ. ಬೇಕರಿಯವನ ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ಸೊಸೆ ಹೊರಬಂದಾಗ ಅವಳ ಎಡ ಮೊಣಕೈವರೆಗೆ ಅಂಗಿಯ ತೋಳು ಇರಲಿಲ್ಲ.

ಹೆಂಗಸು ಬದುಕಿದಳು. ಅಂಗಡಿ ಉಳಿಯಲಿಲ್ಲ.

ಸಂಜೆ ಸೀಳಿದ ಪೈಪು ಬೀದಿಯಲ್ಲೇ ಬಿದ್ದಿತ್ತು. ಹತ್ತಿರ ಹೋಗಿ ಮುಟ್ಟಿ ನೋಡಿದೆ, ಮೂಸಿದೆ. ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡಿದವಳಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ದಪ್ಪ ಬಟ್ಟೆಯ ಮೈತುಂಬ ಕಪ್ಪು ಚುಕ್ಕೆ, ಬೂಷ್ಟು. ಸೊಸೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಕೂಡಲೇ ಬೈದೆ.

"ಒದ್ದೆ ಬಟ್ಟೆ ಯಾರಾದ್ರೂ ಮಡಚಿಡ್ತಾರಾ? ಎಳೆ ಎಲ್ಲಾ ಕೊಳೆತು ಹೋಗಿದೆ. ಬುದ್ಧಿ ಬೇಡ್ವಾ ನಿಮ್ಗೆ?"

"ಎಲ್ಲಿ ಒಣಗ್ಸೋದು, ಅತ್ತೆ?" ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಕಾಂಪೌಂಡ್ ಮೇಲೆ ಹರಡ್ತೀವಿ. ಅರ್ಧ ಒಣಗೋದ್ರೊಳಗೆ ಇನ್ನೊಂದು ಕರೆ ಬರುತ್ತೆ, ಸುತ್ತಿ ಗಾಡಿಗೆ ಹಾಕ್ತೀವಿ."

ಅವಳಿಗೆ ಊಟ ಕಲಸಿ ಕೊಟ್ಟೆ. ಎಡಗೈಗೆ ಪಟ್ಟಿ ಇದ್ದದ್ದು, ಊಟ ಮಾಡುವುದು ಬಲಗೈಯಲ್ಲಿ. ಆದರೂ ಕೊಟ್ಟೆ, ಅವಳೂ ತಿಂದಳು.

ಫೆಬ್ರವರಿ 24, ಸೋಮವಾರ

ಯೋಜನಾ ಕಚೇರಿಗೆ ಹೋಗಿದ್ದೆ, ಒಬ್ಬಳೇ. ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ. ಗುಮಾಸ್ತ ಹೇಳಿದ್ದು ಇಷ್ಟು. ತಕರಾರು ಹಾಕಿದವರೇ ಬರೆದುಕೊಟ್ಟು ವಾಪಸು ತೆಗೆದುಕೊಳ್ಳಬೇಕು, ಒಬ್ಬರ ಬದಲು ಇನ್ನೊಬ್ಬರು ಆಗುವುದಿಲ್ಲ. ಅದೂ ಆದೇಶ ಬರುವುದರ ಒಳಗೆ.

"ತಲೆ ಕೆಡಿಸ್ಕೋಬೇಡಿ ಅಜ್ಜಿ" ಎಂದ. "ಸಾಹೇಬ್ರು ಠಾಣೆಗೆ ಒಪ್ಪಿಗೆ ಕೊಟ್ಟು ಗೋಪುರ ಮಾತ್ರ ತೆಗೆಸೋ ಯೋಚನೇಲಿದ್ದಾರೆ. ನಿಮ್ಮ ಮರ್ಯಾದೆಗೆ ಏನೂ ಆಗಲ್ಲ."

ಮನೆಗೆ ಬಂದು ಹೇಳಿದೆ, ಒಳ್ಳೆಯ ಸುದ್ದಿ ಎಂದುಕೊಂಡು. ಸೊಸೆ ತಲೆಯಾಡಿಸಿದಳು. ಪೈಪು ಒಣಗಿಸುವ ವ್ಯವಸ್ಥೆ ಇಲ್ಲದ ಠಾಣೆಯನ್ನು ಅವಳ ಇಲಾಖೆ ಕಟ್ಟುವುದೇ ಇಲ್ಲವಂತೆ. ಗೋಪುರ ಹೋದರೆ ಠಾಣೆ ಹೋಯಿತು, ಠಾಣೆ ಹೋದರೆ ಇನ್ನು ಈ ಕಡೆಗೆ ಯಾರೂ ಕೇಳುವುದಿಲ್ಲ.

ಶಬ್ದ, ದಟ್ಟಣೆ ಎಂದಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಎಂದು ಮೇಷ್ಟ್ರು ಅಂದಿದ್ದರಲ್ಲ. ಗಟ್ಟಿ ಪಾಯಿಂಟು ನನ್ನದೇ.

ಫೆಬ್ರವರಿ 27, ಗುರುವಾರ

ಎರಡು ದಿನ ಅದೇ ನಲವತ್ತು ಬಾಗಿಲು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗಲಿಲ್ಲ, ಎಲ್ಲರ ಮನೆಯಲ್ಲೂ ಚಾಪೆ ಹಾಸಿಕೊಂಡು ಕೂತಿದೆ.

"ನೀವೇ ತಾನೇ ಹೇಳಿದ್ದು ಅಜ್ಜಿ, ಮೇಲಿಂದ ಎಲ್ಲಾ ಕಾಣುತ್ತೆ ಅಂತ? ನಮ್ಮನೇಲಿ ವಯಸ್ಸಿಗೆ ಬಂದ ಮಗಳಿದ್ದಾಳೆ."

"ಸೊಸೆ ಕೈ ಸುಟ್ಕೊಂಡ ಮೇಲೆ ಜ್ಞಾನೋದಯ ಆಯ್ತಾ?"

"ಬೆಳಿಗ್ಗೆ ಒಂದು ಸಂಜೆ ಒಂದು ಹೇಳಿದ್ರೆ ಹೇಗಮ್ಮ? ನಾವೇನು ನಿಮ್ಮ ರೇಡಿಯೋನಾ, ಕಿವಿ ಹಿಂಡಿದ ಹಾಗೆ ಹಾಡೋಕೆ?"

ಇದು ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ತಿರುಗಿಸಿ ಎರಡು ಕೊಟ್ಟು ಬರುತ್ತಿದ್ದೆ.

ಒಂಬತ್ತು ಜನ ವಾಪಸು ಬರೆದುಕೊಟ್ಟರು. ಬೇಕರಿಯವನದ್ದು ಮೊದಲನೆಯದು, ಅವನ ಕೈಗೆ ಪಟ್ಟಿ ಇದ್ದುದರಿಂದ ಹೆಬ್ಬೆಟ್ಟಿನ ತುದಿ ಮಾತ್ರ ಒತ್ತಿದ.

ಟೈಲರಮ್ಮನ ಮನೆಗೆ ಕೊನೆಯಲ್ಲಿ ಹೋದೆ. ಮಿಷನ್ನು ತುಳಿಯುತ್ತಲೇ ಇದ್ದಳು.

"ನಿನ್ನ ತಕರಾರು ವಾಪಸ್ ತಗೋಬೇಕು ಕಣಮ್ಮ."

"ನಾನು ಯಾವ ತಕರಾರು ಕೊಟ್ಟಿದ್ದೀನಿ?"

ಹೇಳಿದೆ. ಮಿಷನ್ನು ನಿಂತಿತು.

"ನನ್ನ ರುಜು ನೀವು ಹಾಕಿದ್ರಿ. ನನ್ನ ಸ್ನಾನದ ವಿಷಯ ನಲವತ್ತು ಮನೆಗೆ ಓದಿ ಹೇಳಿದ್ರಿ." ದನಿ ಏರಲಿಲ್ಲ. "ಅದಕ್ಕೇ ಜನ ನನ್ನ ನೋಡಿ ನಗ್ತಿದ್ರು. ನಾನು ಬ್ಲೌಸ್ ಅಳತೆ ತಪ್ಪಿದೆ ಅಂದ್ಕೊಂಡಿದ್ದೆ."

"ತಪ್ಪಾಯ್ತು."

"ನಾನು ಕೊಡದೇ ಇದ್ದದ್ದನ್ನ ವಾಪಸ್ ತಗೊಳ್ಳೋದು ಹೇಗೆ, ಅಜ್ಜಿ? ನೀವೇ ಹೇಳಿ."

ಅವಳು ಮಿಷನ್ನು ಮತ್ತೆ ತುಳಿಯತೊಡಗಿದಳು, ನಾನು ಬಂದೆ.

ಮಾರ್ಚ್ 4, ಮಂಗಳವಾರ

ವಿಚಾರಣೆ. ಉದ್ದನೆಯ ಮೇಜು, ನಡುವೆ ಯೋಜನಾಧಿಕಾರಿ. ಕನ್ನಡಕ ಹಣೆಗೇರಿಸಿಕೊಂಡು ಓದುವವನು. ಒಂದು ಕಡೆ ಸೊಸೆ, ಇನ್ನೊಂದು ಕಡೆ ಮೇಷ್ಟ್ರು ಮತ್ತು ಬೀದಿಯವರು. ನಾನು ಯಾವ ಕಡೆ ಕೂರಬೇಕೆಂದು ತಿಳಿಯದೆ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತೆ. ಮಗ ಬಂದು ನನ್ನ ಹಿಂದೆ ನಿಂತ. ರಜೆ ಹಾಕಿದ್ದನಂತೆ, ಹೇಳಿರಲಿಲ್ಲ.

ಹೆಸರು ಕರೆದಾಗ ಎದ್ದೆ.

"ಮೊದಲನೇದು ನನ್ನ ರುಜು, ಅದನ್ನ ವಾಪಸ್ ತಗೋತೀನಿ. ನಲವತ್ತೊಂದನೇದು ಟೈಲರಮ್ಮಂದು ಅಂತಿದೆ. ಅದೂ ನಂದೇ. ಅವಳಿಗೆ ಗೊತ್ತಿಲ್ದೆ ನಾನೇ ಬರೆದೆ."

ಸೊಸೆ ತಲೆ ಎತ್ತಿ ನನ್ನನ್ನೇ ನೋಡಿದಳು. ಇದು ಅವಳಿಗೂ ಗೊತ್ತಿರಲಿಲ್ಲ.

"ಇದು ಅಪರಾಧ ಅಂತ ಗೊತ್ತಾ ನಿಮ್ಗೆ?" ಎಂದ ಅಧಿಕಾರಿ.

"ಯಾವ ಕಲಂ ಅಂತ ಮೇಷ್ಟ್ರು ಹೇಳ್ತಾರೆ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಮೇಷ್ಟ್ರು ಎದ್ದು ನಿಂತರು. "ಸಾರ್, ಇವರು ಫೆಬ್ರವರೀಲಿ ಸುಳ್ಳು ಹೇಳಿದ್ರೋ ಈಗ ಹೇಳ್ತಿದ್ದಾರೋ? ಸುಳ್ಳು ಹೇಳೋರ ಮಾತು ಯಾವಾಗ ನಂಬಬೇಕು?"

"ನಂಬಬೇಡಿ" ಎಂದೆ. "ನನ್ನ ಮಾತು ನಂಬಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ಬೀದೀಲಿ ಆ ಪೈಪ್ ಬಿದ್ದಿತ್ತು, ಅದನ್ನ ನಂಬಿ. ಒದ್ದೆ ಬಟ್ಟೆ ಮಡಚಿಟ್ರೆ ಕೊಳೆಯುತ್ತೆ. ಗೋಪುರಕ್ಕೆ ಕಿಟಕಿನೇ ಬೇಕಿಲ್ಲ. ಕೆಳಗೆ ಗಾಳಿ ಒಳಗೆ ಬರ್ಬೇಕು, ಮೇಲೆ ಹೊರಗೆ ಹೋಗ್ಬೇಕು, ಅಷ್ಟೇ. ಆಸ್ಪತ್ರೇಲಿ ನಾವು ಹಾಗೇ ಒಣಗಿಸ್ತಿದ್ವಿ. ಮೇಲೆ ಯಾರೂ ಹತ್ತಿ ನಿಂತ್ಕೊಳ್ಳೋದೂ ಬೇಕಿಲ್ಲ, ಹಗ್ಗ ಕೆಳಗಿಂದ ಎಳೀತಾರೆ."

"ರಿಪೇರಿಗೆ ಹತ್ತಬೇಕಲ್ಲ" ಎಂದರು ಮೇಷ್ಟ್ರು. "ಆಗ ಕಾಣುತ್ತಲ್ಲ?"

ಅಧಿಕಾರಿ ಕನ್ನಡಕ ಇಳಿಸಿದ. ಟೈಲರಮ್ಮನ ರುಜು ರದ್ದು, ಒಂಬತ್ತು ಜನರದ್ದೂ ನನ್ನದೂ ವಾಪಸು, ಆದರೂ ಮೂವತ್ತು ಉಳಿದಿವೆ. ಶುಕ್ರವಾರ ಸ್ಥಳಕ್ಕೆ ಬರುತ್ತೇನೆ, ಬೀದಿದೀಪ ರಿಪೇರಿಯ ಗಾಡಿಯನ್ನು ನಲವತ್ತು ಅಡಿಗೆ ಏರಿಸೋಣ, ತಕರಾರಿನವರ ಕಡೆಯಿಂದ ಒಬ್ಬರು ಮೇಲೆ ಹೋಗಿ ಏನು ಕಾಣುತ್ತದೆ ಹೇಳಲಿ, ಬರೆದುಕೊಳ್ಳುತ್ತೇನೆ ಎಂದ. ಸುಳ್ಳು ರುಜುವಿನ ವಿಷಯ ಆಮೇಲೆ ನೋಡೋಣ ಎಂದ.

ಮನೆ ಮುಂದೆ ಆಟೋ ಇಳಿಯುವಾಗ ಹುಡುಗಿ, ನನ್ನ ಸೊಸೆ, ತೋಳು ಹಿಡಿದಳು. ಸುಟ್ಟ ಕೈಯಲ್ಲೇ.

ಮಾರ್ಚ್ 7, ಶುಕ್ರವಾರ

ಮೇಲೆ ಹೋಗುವವರು ಯಾರು ಎಂದು ಅಧಿಕಾರಿ ಕೇಳಿದಾಗ ಬೀದಿಯೆಲ್ಲ ತನ್ನ ಚಪ್ಪಲಿ ನೋಡಿಕೊಂಡಿತು. ಮೇಷ್ಟ್ರಿಗೆ ತಲೆಸುತ್ತು ಬರುತ್ತದಂತೆ. ಇನ್ನೊಬ್ಬನಿಗೆ ಮೊಣಕಾಲು.

"ನಾನು ಹೋಗ್ತೀನಿ" ಎಂದೆ. "ಮೊದಲನೇ ರುಜು ನಂದು."

"ವಾಪಸ್ ತಗೊಂಡಿದ್ದೀರಲ್ಲ?" ಎಂದರು ಮೇಷ್ಟ್ರು.

"ಹಾಗಾದ್ರೆ ನೀವು ಬನ್ನಿ."

ಸೊಸೆ ಮುಂದೆ ಬಂದಳು. "ಬೇಡ ಅತ್ತೆ. ನಿಮ್ಮ ಕೈಗೆ ಹಿಡಿತ ಇಲ್ಲ." ಅವಳ ಮುಖದಲ್ಲಿ ಹೆದರಿಕೆ ಇತ್ತು. ಹೊಗೆಯೊಳಗೆ ಹೋಗುವಾಗ ಇರಲಿಲ್ಲ ಅದು.

ಲೈನ್‌ಮನ್ನು ಸೊಂಟಕ್ಕೆ ಬೆಲ್ಟು ಕಟ್ಟಿ ಬೀದಿದೀಪದ ಗಾಡಿಯ ತೊಟ್ಟಿಯೊಳಗೆ ನಿಲ್ಲಿಸಿದ. "ತಲೆ ತಿರುಗುತ್ತಾ ಅಜ್ಜಿ?"

"ಇಷ್ಟು ವರ್ಷ ಬೇರೆಯವರದ್ದು ನಾನೇ ತಿರುಗಿಸಿದ್ದು. ನೀನು ಎತ್ತು."

ತೊಟ್ಟಿ ಏರಿತು. ಮೊದಲು ತಲೆಗಳು, ಆಮೇಲೆ ಮಾಡುಗಳು, ಆಮೇಲೆ ಎಲ್ಲವೂ ಚಪ್ಪಟೆ. ಎಡಗೈಯಲ್ಲಿ ಸರಳು ಹಿಡಿದಿದ್ದೆ, ಬಲಗೈ ಎಲ್ಲಿತ್ತೋ ನೆನಪಿಲ್ಲ. ಗಾಡಿ ಕುಲುಕಿ ನಿಂತಿತು. ದೂರದಲ್ಲಿ ಗೇಟು ಕಂಡಿತು. ಹಾಕಿತ್ತು. ಇಷ್ಟು ಹತ್ತಿರವೇ ಅದು ಎನ್ನಿಸಿತು. ಆಚೆ ಲಾರಿಗಳ ಸಾಲು. ಮೇಷ್ಟ್ರ ತಾರಸಿಯ ಮೇಲೆ ಒಂದು ಕೋಣೆ, ಹೊಸ ತಗಡಿನ ಮಾಡು ಹಾಕಿದ್ದು, ಕೆಳಗಿಂದ ಯಾರಿಗೂ ಕಾಣದ ಹಾಗೆ ಒಳಕ್ಕೆ ಕಟ್ಟಿದ್ದು. ಅದಕ್ಕೆ ಯಾರ ಅನುಮತಿಯೂ ಇದ್ದಂತಿರಲಿಲ್ಲ, ನೋಟೀಸನ್ನಂತೂ ನಾನು ನೋಡಿಲ್ಲ.

ಆಮೇಲೆ ಟೈಲರಮ್ಮನ ಬಚ್ಚಲು. ಒಗೆಯುವ ಕಲ್ಲು, ಬಕೆಟ್ಟು, ನೀಲಿ ಚೊಂಬು, ಸೋಪಿನ ಪೆಟ್ಟಿಗೆ. ಅಂಗೈ ಮೇಲಿಟ್ಟ ಹಾಗೆ. ಅವಳು ಬಚ್ಚಲ ಬಾಗಿಲಲ್ಲಿ ನಿಂತು ಮೇಲೆ ನನ್ನನ್ನೇ ನೋಡುತ್ತಿದ್ದಳು. ಲೈನ್‌ಮನ್ನು ಮುಖ ಬೇರೆ ಕಡೆ ತಿರುಗಿಸಿದ.

"ಏನ್ ಕಾಣುತ್ತೆ? ಜೋರಾಗಿ ಹೇಳಿ, ಬರ್ಕೋಬೇಕು" ಎಂದ ಅಧಿಕಾರಿ ಕೆಳಗಿಂದ.

ಕಾಣುವುದಿಲ್ಲ ಎಂದು ಒಂದು ಮಾತು. ಅಷ್ಟೇ ಸಾಕಿತ್ತು. ಠಾಣೆ ಬರುತ್ತಿತ್ತು. ಹುಡುಗಿ ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಲೆ ಎತ್ತಿ ನಿಂತಿದ್ದಳು. ಇಷ್ಟು ಎತ್ತರದಿಂದ ಸಣ್ಣ ಮಗುವಿನ ಹಾಗೆ. ಟೈಲರಮ್ಮನ ಹೆಸರಲ್ಲಿ ಒಂದು ಸಲ ಸುಳ್ಳು ಬರೆದಾಗಿತ್ತು.

"ಕಾಣುತ್ತೆ" ಎಂದೆ. "ಬಚ್ಚಲು ಕಾಣುತ್ತೆ. ಪೂರ್ತಿ."

"ಬರ್ಕೊಳ್ಳಿ ಸಾರ್" ಎಂದರು ಮೇಷ್ಟ್ರು.

ಮೇಷ್ಟ್ರ ತಾರಸಿಯ ಕೋಣೆಯ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಏಕೋ ಹೇಳಲಿಲ್ಲ. ಎತ್ತರದಲ್ಲಿ ಗಾಳಿ ಜಾಸ್ತಿ.

ಕೆಳಗಿಳಿದಾಗ ಸೊಸೆ ಬೆಲ್ಟು ಬಿಚ್ಚಿದಳು. ಅವಳ ಬೆರಳು ತಣ್ಣಗಿದ್ದವು. ಬೀದಿಯವರು ಚದುರಲು ಶುರುಮಾಡಿದ್ದರು. ಅಷ್ಟರಲ್ಲಿ ಟೈಲರಮ್ಮ ಹಿತ್ತಲ ಬಾಗಿಲು ತೆಗೆದು ಸೈಟಿನೊಳಗೆ ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಸಾರ್, ಒಂದು ತಿಂಗಳಿಂದ ನನ್ನ ಬಚ್ಚಲ ಬಗ್ಗೆ ಎಲ್ರೂ ಮಾತಾಡ್ತಿದ್ದಾರೆ. ನನ್ನ ಒಬ್ರೂ ಕೇಳ್ಲಿಲ್ಲ."

"ಈಗ ಕೇಳ್ತಿದ್ದೀನಿ, ಹೇಳಿ ಅಮ್ಮ."

"ಅಜ್ಜಿ ನಿಜ ಹೇಳಿದ್ರು. ಕಾಣುತ್ತೆ. ಇವತ್ತಿಂದಲ್ಲ, ಆರು ವರ್ಷದಿಂದ ಕಾಣುತ್ತೆ. ಮೇಲೊಂದು ತಗಡು ಹಾಕ್ಸಿಕೊಡಿ ಅಂತ ಮನೆ ಮಾಲೀಕರನ್ನ ಆರು ವರ್ಷದಿಂದ ಕೇಳ್ತಿದ್ದೀನಿ." ಅವಳು ಮೇಷ್ಟ್ರ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. "ತಗಡು ಬಿದ್ರೆ ಗೋಪುರದಿಂದಲೂ ಕಾಣಲ್ಲ, ಅವರ ತಾರಸಿಯಿಂದಲೂ ಕಾಣಲ್ಲ."

ಮೇಷ್ಟ್ರು ಯಾವ ಕಲಮನ್ನೂ ಹೇಳಲಿಲ್ಲ.

"ಗೋಪುರಕ್ಕೆ ನಿಮ್ಮ ತಕರಾರು ಇದೆಯಾ, ಇಲ್ವಾ?" ಎಂದ ಅಧಿಕಾರಿ.

"ನಂದು ತಕರಾರು ಗೋಪುರದ ಮೇಲಲ್ಲ." ಅವಳೇ ಪೆನ್ನು ಕೇಳಿ ಪಡೆದು ರುಜು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ರುಜು ಹೀಗಿರುತ್ತೆ, ಅಜ್ಜಿ" ಎಂದಳು.

ತಗ್ಗಿ ನೋಡಿದೆ. ನಾನು ಬರೆದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮಾರ್ಚ್ 12, ಬುಧವಾರ

ಇನ್ನೂ ಹನ್ನೊಂದು ಜನ ವಾಪಸು ಬರೆದುಕೊಟ್ಟಿದ್ದಾರಂತೆ. ನಾನು ಯಾರ ಮನೆಗೂ ಹೋಗಿರಲಿಲ್ಲ. ಆದೇಶ ಬಂದಿಲ್ಲ.

ಮಾರ್ಚ್ 14, ಶುಕ್ರವಾರ

ಬಂದಿಲ್ಲ. ಹುಡುಗಿ ಆರಕ್ಕೆ ಬರುವವಳು ಏಳೂವರೆಗೆ ಬಂದಳು, ಎಲ್ಲೋ ಗೋದಾಮು ಹತ್ತಿಕೊಂಡಿತ್ತಂತೆ. ನಾನು ಹೊಸಿಲ ಹತ್ತಿರ ಕೂತಿದ್ದೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಯಾವ ಗೋದಾಮು, ಒಳಗೆ ಯಾರಿದ್ದರು, ಪೈಪು ಸರಿಯಿತ್ತಾ ಎಂದು ಕೇಳಿದೆ. ಅವಳು ಷೂ ಬಿಚ್ಚುವುದನ್ನು ಮರೆತು ಎಲ್ಲ ಹೇಳಿದಳು. ಮಗ ಅನ್ನ ಬಡಿಸಿದ, ಮೂವರೂ ಅಲ್ಲೇ ಉಂಡೆವು.

ಮಾರ್ಚ್ 19, ಬುಧವಾರ

ಬಂತು.

ಹುಡುಗಿ ನಿಂತುಕೊಂಡೇ ಓದಿದಳು. ಜಾಗದ ಬಳಕೆ ಬದಲಾವಣೆಗೆ ಒಪ್ಪಿಗೆ. ನಲವತ್ತು ಅಡಿ ಗೋಪುರಕ್ಕೆ ಒಪ್ಪಿಗೆ, ಕಿಟಕಿ ಇರಕೂಡದು, ಗಾಳಿಗೆ ಕೆಳಗೆ ಮತ್ತು ಮೇಲೆ ಮಾತ್ರ ಸಂದು. ಪಕ್ಕದ ಬಚ್ಚಲಿಗೆ ಕಟ್ಟಡದ ಕೆಲಸ ಶುರುವಾಗುವ ಮೊದಲು ಮಾಲೀಕರು ಮಾಡು ಹಾಕಿಸತಕ್ಕದ್ದು. ಕೊನೆಯಲ್ಲಿ ನನ್ನದೂ ಒಂದು ಸಾಲಿದೆ: ಬೇರೆಯವರ ರುಜು ಹಾಕಿದ್ದಕ್ಕೆ ಲಿಖಿತ ಎಚ್ಚರಿಕೆ. ಮಗ ಅದನ್ನು ಎರಡು ಸಲ ಓದಿಸಿ ನಕ್ಕ. ನಗಲಿ, ಎಷ್ಟೋ ದಿನವಾಗಿತ್ತು.

ಅವನು ಟೈಲರಮ್ಮನಿಗೆ ಹೇಳಿ ಬರಲು ಹೋದ. ನಾವಿಬ್ಬರೇ ಉಳಿದೆವು. ಅವಳು ಕಿಟಕಿಯಿಂದ ಖಾಲಿ ಸೈಟನ್ನು ನೋಡುತ್ತಾ ನಿಂತಳು.

"ಅತ್ತೆ, ಗಾಡಿಯ ಬಾಗಿಲು ಈ ಕಡೆಗೇ ಬರುತ್ತೆ. ಪ್ರತಿ ಸಲ ನಾವು ಹೊರಟಾಗ ನಿಮ್ಗೆ ಕಾಣುತ್ತೆ."

"ಗೊತ್ತು."

"ಭಯ ಆಗಲ್ವಾ?"

ಬಾಯಿಗೆ ಎರಡು ಮೂರು ಉತ್ತರ ಬಂದವು, ಎಲ್ಲ ಚೆನ್ನಾಗಿದ್ದವು.

"ಆಗುತ್ತೆ" ಎಂದೆ. "ನೀನು ಹೊರಡೋವಾಗ ಈ ಕಡೆ ತಿರುಗಿ ನೋಡ್ಬೇಡ. ನಾನು ಬಾಗಿಲಲ್ಲಿದ್ದೀನಾ ಅಂತ ಹುಡುಕ್ತಾ ನಿಂತ್ರೆ ಅಲ್ಲಿ ಕಾಯ್ತಿರೋರಿಗೆ ತಡ ಆಗುತ್ತೆ."

"ಸರಿ ಅತ್ತೆ."

"ಬರೋವಾಗ ನೋಡು."